ಮುತ್ತಾತನ ಹೆಸರು ಯಾವ ಪುಸ್ತಕದಲ್ಲಿದೆ?

ಇಂದು ನಿಮಗೊಂದು ಪ್ರಶ್ನೆ. ನಿಮ್ಮ ತಂದೆಯ ಹೆಸರು ನಿಮಗೆ ಗೊತ್ತು. ತಾತನ ಹೆಸರೂ ಗೊತ್ತು. ಮುತ್ತಾತನ ಹೆಸರು? ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಹೆಸರು ಹೇಳುವ ರೂಢಿ ಇರುವ ಮನೆಗಳಲ್ಲಿ ಮೂರು ತಲೆಮಾರಿನವರೆಗೆ ಹೇಳಿಯಾರು. ಅದರಾಚೆಗೆ? ಮುತ್ತಾತನ ತಂದೆ ಯಾರು, ಯಾವ ಊರಿನಿಂದ ಬಂದವರು, ಅವರಿಗೆ ಎಷ್ಟು ಮಕ್ಕಳು ಎಂದು ಕೇಳಿದರೆ, ‘ದೊಡ್ಡವರು ಇದ್ದಿದ್ದರೆ ಹೇಳುತ್ತಿದ್ದರು’ ಎಂದು ನಾವು ಸುಮ್ಮನಾಗುತ್ತೇವೆ.

ಇದು ಬರೀ ಕುತೂಹಲದ ಮಾತಲ್ಲ. 1970ರ ದಶಕದಲ್ಲಿ ಹೊಸೂರಿಗೆ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂತು. ಅಂದಿನಿಂದ ಈ ಸೀಮೆಯ ಹೊಲಗಳ ಬೆಲೆಯೇ ಬೇರೆಯಾಯಿತು. ರಾಗಿ, ಹುರುಳಿ ಬೆಳೆಯುತ್ತಿದ್ದ ನೆಲಕ್ಕೆ ಇಂದು ರಸ್ತೆ, ಕಾರ್ಖಾನೆ, ಬಡಾವಣೆ ಬರುತ್ತಿದೆ. ಆದರೆ ಎಷ್ಟೋ ಮನೆಗಳಲ್ಲಿ ಪಟ್ಟಾ ಇನ್ನೂ ತಾತನ ಹೆಸರಿನಲ್ಲೋ, ಮುತ್ತಾತನ ಹೆಸರಿನಲ್ಲೋ ಇದೆ. ಪರಿಹಾರದ ಹಣಕ್ಕೆ ಅರ್ಜಿ ಹಾಕಿದ ದಿನ ಅಧಿಕಾರಿ ಕೇಳುವ ಮೊದಲ ಮಾತು, ‘ಇವರಿಗೆ ನೀವು ಏನಾಗಬೇಕು?’ ಬಾಯಿಮಾತಿನ ಉತ್ತರ ಅಲ್ಲಿ ನಡೆಯುವುದಿಲ್ಲ. ಕಾಗದ ಬೇಕು. ಆ ಕಾಗದಗಳು ಎಲ್ಲೆಲ್ಲಿವೆ, ಅವನ್ನು ಓದುವುದು ಹೇಗೆ ಎಂಬುದೇ ಇಂದಿನ ವಿಷಯ.

ಮೊದಲು ಸ್ವಲ್ಪ ದೂರದ ದೇಶದ ಕಡೆ ನೋಡೋಣ. ಅಮೆರಿಕದಲ್ಲಿ ತಮ್ಮ ಪೂರ್ವಜರನ್ನು ಹುಡುಕುವುದು ಸಾಮಾನ್ಯ ಜನರ ದೊಡ್ಡ ಹವ್ಯಾಸ. ಅವರಿಗೆ ಮುಖ್ಯವಾಗಿ ಎರಡು ಆಧಾರಗಳಿವೆ. ಒಂದು ಜನಗಣತಿ. ಅಲ್ಲಿ 1790ರಲ್ಲಿ ಮೊದಲ ಗಣತಿ ಆಯಿತು. 1840ರವರೆಗೂ ಮನೆಯ ಯಜಮಾನನ ಹೆಸರನ್ನು ಮಾತ್ರ ಬರೆಯುತ್ತಿದ್ದರು. ಹೆಂಡತಿ ಮಕ್ಕಳೆಲ್ಲ ಬರೀ ಅಂಕಿಗಳು. 1850ರಿಂದ ಸ್ವತಂತ್ರರಾದ ಪ್ರತಿಯೊಬ್ಬರ ಹೆಸರೂ ಬಂತು. 72 ವರ್ಷ ಕಳೆದ ಮೇಲೆ ಆ ಪಟ್ಟಿಗಳನ್ನು ಜನರಿಗೆ ತೆರೆಯುತ್ತಾರೆ. 1950ರ ಪಟ್ಟಿ 2022ರಲ್ಲಿ ತೆರೆಯಿತು. ಎರಡನೆಯದು ಆಸ್ತಿಯ ದಾಖಲೆ. ಒಬ್ಬ ರೈತ ಸತ್ತರೆ ಅವನ ಆಸ್ತಿಯ ವಿಚಾರ ಅಲ್ಲಿನ ಜಿಲ್ಲೆಯ ನ್ಯಾಯಾಲಯಕ್ಕೆ ಹೋಗುತ್ತದೆ. ಹಸು, ನೇಗಿಲು, ಪಾತ್ರೆ ಪಗಡಗಳನ್ನು ಪಟ್ಟಿ ಮಾಡಿ, ಯಾರು ಯಾರಿಗೆ ಎಷ್ಟು ಪಾಲು ಎಂದು ಬರೆಯುತ್ತಾರೆ. ಗಣತಿಯಲ್ಲಿ ಅಂಕಿಯಾಗಿದ್ದ ಮಕ್ಕಳಿಗೆ ಇಲ್ಲಿ ಹೆಸರು ಸಿಗುತ್ತದೆ.

ಇದರಲ್ಲಿ ಒಂದು ಕಹಿ ಸತ್ಯವೂ ಇದೆ. ಗುಲಾಮರಾಗಿದ್ದ ಕರಿಯ ಜನರನ್ನು 1850 ಮತ್ತು 1860ರ ಗಣತಿಯಲ್ಲಿ ಒಡೆಯನ ಹೆಸರಿನ ಕೆಳಗೆ, ಸಾಮಾನ್ಯವಾಗಿ ಹೆಸರೇ ಇಲ್ಲದೆ, ವಯಸ್ಸು ಮತ್ತು ಗಂಡೋ ಹೆಣ್ಣೋ ಎಂದಷ್ಟೇ ಬರೆದರು. ಅವರೆಲ್ಲರ ಹೆಸರು ಗಣತಿಗೆ ಬಂದದ್ದು 1870ರಲ್ಲಿ. ಅದಕ್ಕೂ ಹಿಂದಿನ ಹೆಸರು ಬೇಕಾದರೆ ಅವರ ಮೊಮ್ಮಕ್ಕಳು ಒಡೆಯ ಸತ್ತಾಗ ಮಾಡಿದ ಆಸ್ತಿಪಟ್ಟಿಯನ್ನು ಹುಡುಕಬೇಕು. ಅದರಲ್ಲಿ ದನಕರುಗಳ ಜೊತೆ ಅವರ ಮುತ್ತಜ್ಜಿಯ ಹೆಸರೂ, ಅವಳಿಗೆ ಕಟ್ಟಿದ ಬೆಲೆಯೂ ಇರುತ್ತದೆ. ದಾಖಲೆ ಎಂಬುದು ಯಾರ ಅನುಕೂಲಕ್ಕೆ ಬರೆದದ್ದು ಎಂಬುದನ್ನು ಮರೆಯಬಾರದು. ಈ ಮಾತು ನಮ್ಮ ದಾಖಲೆಗಳಿಗೂ ಅನ್ವಯಿಸುತ್ತದೆ.

ಸರಿ, ನಮ್ಮ ಜನಗಣತಿಯಲ್ಲಿ ಮುತ್ತಾತ ಸಿಗುತ್ತಾರೆಯೇ? ಸಿಗುವುದಿಲ್ಲ. ಮದರಾಸ್ ಪ್ರಾಂತ್ಯದಲ್ಲಿ 1871ರಲ್ಲಿ ದೊಡ್ಡ ಗಣತಿ ಆಯಿತು. 1881ರಿಂದ ಹತ್ತು ವರ್ಷಕ್ಕೊಮ್ಮೆ 2011ರವರೆಗೆ ನಡೆಯಿತು. 2021ರದು ಮುಂದೆ ಹೋಯಿತು. ಆದರೆ ಮನೆಮನೆಗೆ ಹೋಗಿ ಬರೆದ ಹೆಸರಿನ ಹಾಳೆಗಳನ್ನು ಲೆಕ್ಕ ಮುಗಿದ ಮೇಲೆ ನಮ್ಮಲ್ಲಿ ಕಾಪಾಡಿ ಇಡಲಿಲ್ಲ. ಉಳಿದದ್ದು ಒಟ್ಟು ಅಂಕಿಗಳು. ಜೊತೆಗೆ, 1948ರ ಜನಗಣತಿ ಕಾಯ್ದೆಯ 15ನೆಯ ಕಲಮಿನ ಪ್ರಕಾರ ಗಣತಿಯ ಹಾಳೆಗಳನ್ನು ಯಾರೂ ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿ ಕೇಳುವಂತೆಯೂ ಇಲ್ಲ. ಜನ ನಿರ್ಭಯವಾಗಿ ನಿಜ ಹೇಳಲಿ ಎಂಬುದೇ ಇದರ ಉದ್ದೇಶ.

ಹಾಗೆಂದು ಗಣತಿ ನಿಷ್ಪ್ರಯೋಜಕವಲ್ಲ. ಅದು ಹೆಸರು ಹೇಳದಿದ್ದರೂ ಕಾಲದ ಕಥೆ ಹೇಳುತ್ತದೆ. ಆಗ ನಮ್ಮ ಸೀಮೆ ಸೇಲಂ ಜಿಲ್ಲೆಗೆ ಸೇರಿತ್ತು. 1871ರಲ್ಲಿ ಆ ಜಿಲ್ಲೆಯ ಜನಸಂಖ್ಯೆ ಸುಮಾರು 19 ಲಕ್ಷ 67 ಸಾವಿರ. 1881ರಲ್ಲಿ ಅದು ಸುಮಾರು 16 ಲಕ್ಷಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಏರಬೇಕಾದ ಸಂಖ್ಯೆ ಇಳಿದದ್ದು ಏಕೆ? ನಡುವೆ 1876ರಿಂದ 1878ರವರೆಗಿನ ಮಹಾ ಬರಗಾಲ. ಹಳಬರು ಧಾತು ಈಶ್ವರ ಬರ ಎನ್ನುತ್ತಿದ್ದುದು ಇದನ್ನೇ. ತಮಿಳಿನಲ್ಲಿ ‘ತಾದು ವರುಷ ಪಂಜಂ’. ಎಷ್ಟೋ ಮನೆಗಳು ಬಾಗಿಲು ಹಾಕಿದವು. ಉಳಿದವರಲ್ಲಿ ಎಷ್ಟೋ ಜನ ಊರು ಬಿಟ್ಟರು. ನಿಮ್ಮ ವಂಶದ ಎಳೆ 1870ರ ದಶಕದಲ್ಲಿ ತಟ್ಟನೆ ಕಡಿದುಹೋದರೆ ಈ ಬರವನ್ನು ನೆನೆಯಬೇಕು. ಹಿಂದಿನ ದಾಖಲೆ ಬೇರೆ ಊರಿನಲ್ಲಿರಬಹುದು, ಬೇರೆ ತಾಲ್ಲೂಕಿನಲ್ಲಿರಬಹುದು.

ಹಾಗಾದರೆ ಹೆಸರು ಎಲ್ಲಿದೆ? ನೆಲದ ಲೆಕ್ಕದಲ್ಲಿದೆ. ಈ ವಿಷಯದಲ್ಲಿ ನಮ್ಮ ಸೀಮೆಯವರು ಒಂದು ರೀತಿಯಲ್ಲಿ ಅದೃಷ್ಟವಂತರು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನ ಬಾರಾಮಹಲನ್ನು, ಎಂದರೆ ಕೃಷ್ಣಗಿರಿ, ಧರ್ಮಪುರಿಯ ಕಡೆಯ ಸೀಮೆಯನ್ನು, ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಘಟ್ಟದ ಮೇಲಿನ ಹೊಸೂರು, ಡೆಂಕಣಿಕೋಟೆಯ ಭಾಗ 1799ರಲ್ಲಿ, ಟಿಪ್ಪು ಮಡಿದ ಮೇಲೆ, ಕಂಪನಿಗೆ ಸೇರಿತು. ಕಂಪನಿ ಬಾರಾಮಹಲಿಗೆ ಅಲೆಕ್ಸಾಂಡರ್ ರೀಡ್ ಎಂಬ ಸೇನಾಧಿಕಾರಿಯನ್ನು ಕಳಿಸಿತು. ಅವನ ಸಹಾಯಕರಲ್ಲಿ ಒಬ್ಬ, ಮುಂದೆ ಮದರಾಸಿನ ಗವರ್ನರ್ ಆದ ಥಾಮಸ್ ಮನ್ರೋ. ರೀಡ್ ಮತ್ತು ಸಹಾಯಕರು ಹೊಲಹೊಲ ಅಳೆಸಿ, ನಡುವೆ ಜಮೀನುದಾರರಿಲ್ಲದೆ ನೇರವಾಗಿ ರೈತನಿಂದಲೇ ಕಂದಾಯ ಪಡೆಯುವ ಕ್ರಮವನ್ನು ಇಲ್ಲಿ ಬೆಳೆಸಿದರು. ಅದೇ ಮುಂದೆ ದಕ್ಷಿಣ ಭಾರತದ ಬಹುಭಾಗಕ್ಕೆ ಹಬ್ಬಿದ ರೈತವಾರಿ ಪದ್ಧತಿ. ರೈತನಿಂದಲೇ ಹಣ ಪಡೆಯಬೇಕಾದರೆ ರೈತನ ಹೆಸರು ಬರೆಯಲೇಬೇಕು. ಕಂಪನಿ ನಮ್ಮ ಹಿರಿಯರ ಹೆಸರು ಬರೆದುಕೊಂಡದ್ದು ಪ್ರೀತಿಯಿಂದಲ್ಲ, ತೆರಿಗೆಗಾಗಿ. ಆದರೂ ಹೆಸರು ಉಳಿಯಿತು.

ರೀಡ್ ಕಾಲದ ಕಾಗದಗಳಲ್ಲಿ ಮುಖ್ಯವಾದವನ್ನು ಮದರಾಸ್ ಸರಕಾರ 20ನೆಯ ಶತಮಾನದ ಮೊದಲ ಭಾಗದಲ್ಲಿ ಬಾರಾಮಹಲ್ ದಾಖಲೆಗಳು ಎಂಬ ಹೆಸರಿನಲ್ಲಿ ಸಂಪುಟಗಳಾಗಿ ಅಚ್ಚು ಹಾಕಿಸಿತು. ಜನ, ಬೆಳೆ, ಕಂದಾಯ ಎಂದು ವಿಷಯವಾರು ಭಾಗಗಳಿವೆ. ಅದರಲ್ಲಿ ಪ್ರತಿ ರೈತನ ಹೆಸರು ಸಿಗದು. ಆದರೆ ನಿಮ್ಮ ಜನ ಆಗ ಏನು ಬೆಳೆಯುತ್ತಿದ್ದರು, ಹೇಗೆ ಬದುಕಿದ್ದರು ಎಂಬುದು ಸಿಗುತ್ತದೆ.

ಈಗ ಹುಡುಕುವ ಕ್ರಮಕ್ಕೆ ಬರೋಣ. ನಿಯಮ ಒಂದೇ: ಇಂದಿನಿಂದ ಹಿಂದಕ್ಕೆ, ಒಂದೊಂದೇ ಮೆಟ್ಟಿಲು. ಮುತ್ತಾತನಿಂದ ಆರಂಭಿಸಿ ಕೆಳಗೆ ಬರಲು ಹೊರಟರೆ ಯಾರದೋ ಮುತ್ತಾತ ನಿಮ್ಮ ಮನೆಗೆ ಬಂದುಬಿಡುತ್ತಾನೆ.

ಮೊದಲ ಮೆಟ್ಟಿಲು ಇಂದಿನ ಪಟ್ಟಾ ಮತ್ತು ಚಿಟ್ಟಾ. ಸರ್ವೆ ನಂಬರು ಗೊತ್ತಿದ್ದರೆ ಕಂಪ್ಯೂಟರಿನಲ್ಲೇ ಪ್ರತಿ ಸಿಗುತ್ತದೆ. ಎರಡನೆಯದು, 1979ರಲ್ಲಿ ಆರಂಭವಾಗಿ 1980ರ ದಶಕದಲ್ಲಿ ಮುಗಿದ ಯು.ಡಿ.ಆರ್. ಎಂಬ ದಾಖಲೆ ಪರಿಷ್ಕರಣೆ. ಆಗ ಪಟ್ಟಾ ನಂಬರುಗಳು ಬದಲಾದವು. ಹಲವು ಕಡೆ ಹೆಸರುಗಳೂ ಬದಲಾದವು. ತಪ್ಪುಗಳು ನುಸುಳಿದ್ದೂ ಇಲ್ಲಿಯೇ. ಆದ್ದರಿಂದ ಯು.ಡಿ.ಆರ್.ಗಿಂತ ಹಿಂದಿನ ‘ಎ’ ರಿಜಿಸ್ಟರಿನ ನಕಲನ್ನು ಕೇಳಿ ಪಡೆಯಬೇಕು. ಮೂರನೆಯದು ಸೆಟಲ್‌ಮೆಂಟ್ ರಿಜಿಸ್ಟರ್. 19ನೆಯ ಶತಮಾನದ ಎರಡನೆಯ ಅರ್ಧದಲ್ಲಿ ಸರ್ವೆ ಆಗಿ, ಪ್ರತಿ ಹೊಲಕ್ಕೂ ನಂಬರು, ವಿಸ್ತೀರ್ಣ, ತೀರ್ವೆ, ಪಟ್ಟಾದಾರನ ಹೆಸರು ಬರೆದ ಪುಸ್ತಕ ಇದು. ಅದರಲ್ಲಿ ಹಳೆಯ ಪೈಮಾಷಿ ನಂಬರು ಎಂಬ ಕಲಂ ಇದ್ದರೆ ಬಿಡಬೇಡಿ. ಅದು ಇನ್ನೂ ಹಿಂದಿನ ಅಳತೆಯ ಕೊಂಡಿ. ಸರ್ವೆ ನಂಬರು ಬದಲಾಗುತ್ತದೆ, ಉಪವಿಭಾಗವಾಗುತ್ತದೆ. ಹೊಲ ಮಾತ್ರ ಇದ್ದಲ್ಲೇ ಇರುತ್ತದೆ. ಹೊಲವನ್ನು ಹಿಡಿದು ಹಿಂದಕ್ಕೆ ಹೋದರೆ ಮನುಷ್ಯ ಸಿಗುತ್ತಾನೆ.

ಎಲ್ಲಿ ಕೇಳಬೇಕು? ಇಲ್ಲೇ ಹಲವರು ಸೋಲುವುದು. 1965ರವರೆಗೆ ನಾವು ಸೇಲಂ ಜಿಲ್ಲೆ. ಆ ವರ್ಷ ಅಕ್ಟೋಬರ್ 2ರಂದು ಧರ್ಮಪುರಿ ಜಿಲ್ಲೆ ಆಯಿತು. 2004ರ ಫೆಬ್ರವರಿ 9ರಂದು ಕೃಷ್ಣಗಿರಿ ಜಿಲ್ಲೆ ಆಯಿತು. ತಾಲ್ಲೂಕುಗಳೂ ಒಡೆದವು. ಹಾಗಾಗಿ ಒಂದೇ ಹೊಲದ ಕಾಗದ ಮೂರು ಊರಿನ ಕಛೇರಿಗಳಲ್ಲಿ ಹಂಚಿಹೋಗಿರಬಹುದು. ‘ಇಲ್ಲಿ ಇಲ್ಲ’ ಎಂದ ಮಾತ್ರಕ್ಕೆ ಎಲ್ಲಿಯೂ ಇಲ್ಲ ಎಂದಲ್ಲ. ಆ ವರ್ಷದಲ್ಲಿ ನಮ್ಮ ಊರು ಯಾವ ತಾಲ್ಲೂಕು, ಯಾವ ಜಿಲ್ಲೆಯಲ್ಲಿತ್ತು ಎಂದು ಮೊದಲು ಬರೆದುಕೊಂಡು ಹೊರಡಬೇಕು. ಜಿಲ್ಲಾ ಕಲೆಕ್ಟರರ ಹಳೆಯ ಕಡತಗಳು ಬೇಕಾದರೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು. ನಕಲು ಕೊಡಲು ತಕರಾರು ಬಂದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕದ ಅರ್ಜಿ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಕನ್ನಡದಲ್ಲಿ ಬರೆದ ಮನವಿಗೂ ಬೆಲೆ ಇದೆ ಎಂಬುದು ನಮಗೆ ತಿಳಿದಿರಲಿ.

ಹಿಂದೆ ಈ ಲೆಕ್ಕವೆಲ್ಲ ಊರಿನ ಕರಣಂ, ನಮ್ಮ ಮಾತಿನಲ್ಲಿ ಶಾನುಭೋಗರ ಕೈಯಲ್ಲಿತ್ತು. ಶಾಂತಿ, ಕಂದಾಯ ವಸೂಲಿಗೆ ಊರಿನ ಮುನಸೀಬರು. ನಮ್ಮ ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರ ತಂದೆ ಆ ಊರಿನ ಮುನಸೀಬರಾಗಿದ್ದರು. ತಮಿಳುನಾಡಿನಲ್ಲಿ ಈ ವಂಶಪಾರಂಪರ್ಯದ ಹುದ್ದೆಗಳು 1980ರ ನವೆಂಬರಿನಲ್ಲಿ ರದ್ದಾಗಿ, ಮುಂದೆ ವಿ.ಎ.ಓ. ಬಂದರು. ಗಡಿಯಾಚೆ ಕರ್ನಾಟಕದಲ್ಲಿ 1961ರ ಕಾಯ್ದೆಯಿಂದ ಶಾನುಭೋಗಿಕೆ ಹೋಗಿತ್ತು. ಹಳೆಯ ಲೆಕ್ಕ ಒಪ್ಪಿಸುವಾಗ ಕೆಲವು ಪುಸ್ತಕಗಳು ಮನೆಯ ಅಟ್ಟದಲ್ಲೇ ಉಳಿದಿರುವುದುಂಟು. ಕರಿ ಬಟ್ಟೆಯ ಕಡತ, ತಾಳೆಗರಿ, ಹಳೆಯ ಮುದ್ರೆ ಕಾಗದ, ಇವು ಕನ್ನಡದಲ್ಲಿರಬಹುದು, ತೆಲುಗಿನಲ್ಲಿರಬಹುದು, ತಮಿಳಿನಲ್ಲಿರಬಹುದು. ಓದಲು ಬಾರದ ಕಾಗದವನ್ನು ಒಲೆಗೆ ಹಾಕುವ ಮುನ್ನ ಓದಬಲ್ಲವರಿಗೆ ಒಮ್ಮೆ ತೋರಿಸಿ.

ಎಲ್ಲ ಊರೂ ರೈತವಾರಿ ಅಲ್ಲ ಎಂಬುದನ್ನೂ ಹೇಳಬೇಕು. ಬಾಗಲೂರು, ಸೂಳಗಿರಿ, ಬೇರಿಕೆ ಮುಂತಾದವು ಪಾಳೆಯಗಾರರ ಸೀಮೆಗಳು. ಅಲ್ಲಿ ರೈತ ಕಂದಾಯ ಕಟ್ಟುತ್ತಿದ್ದದ್ದು ಪಾಳೆಯಗಾರರಿಗೆ. ಅಂಥ ಜಮೀನುದಾರಿ ಊರುಗಳಲ್ಲಿ ರೈತನ ಹೆಸರು ಸರಕಾರದ ಪುಸ್ತಕಕ್ಕೆ ಬಂದದ್ದು, ಹೆಚ್ಚಾಗಿ, 1948ರ ಮದರಾಸ್ ಎಸ್ಟೇಟ್ ರದ್ದತಿ ಕಾಯ್ದೆಯ ನಂತರ. ಅದಕ್ಕೂ ಹಿಂದಿನದು ಬೇಕಾದರೆ ಒಡೆಯನಿಗೂ ರೈತನಿಗೂ ನಡುವೆ ಆಗುತ್ತಿದ್ದ ಪಟ್ಟಾ, ಮುಚ್ಚಳಿಕೆಗಳನ್ನು ಹುಡುಕಬೇಕು. ಹಾಗೆಯೇ ದೇವರ ಪೂಜೆಗೆ, ಊರಿನ ಕಸುಬಿಗೆ, ಕೆರೆ ನೋಡಿಕೊಳ್ಳುವುದಕ್ಕೆ ಕೊಟ್ಟ ಇನಾಂ ಭೂಮಿ. 1858ರಲ್ಲಿ ಆರಂಭವಾದ ಇನಾಂ ಆಯೋಗ ಪ್ರತಿ ಇನಾಮನ್ನೂ ವಿಚಾರಿಸಿ, ಮೊದಲು ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಈಗ ಯಾರು ಅನುಭವಿಸುತ್ತಿದ್ದಾರೆ ಎಂದು ರಿಜಿಸ್ಟರಿನಲ್ಲಿ ಬರೆಸಿತು. ನಿಮ್ಮ ಮನೆಯಲ್ಲಿ ಇನಾಂ ಇದ್ದದ್ದು ನಿಜವಾದರೆ, ಒಂದೇ ಹಾಳೆಯಲ್ಲಿ ಎರಡು ಮೂರು ತಲೆಮಾರು ಸಿಗಬಹುದು. ಈ ರಿಜಿಸ್ಟರಿನ ನಕಲಿಗೂ ಎಗ್ಮೋರಿನ ಪತ್ರಾಗಾರದಲ್ಲಿ ಅರ್ಜಿ ಹಾಕಬಹುದು.

ಇನ್ನು ಅಮೆರಿಕದವರ ಆಸ್ತಿ ದಾಖಲೆಗೆ ಸಮನಾದದ್ದು ನಮ್ಮಲ್ಲಿ ಯಾವುದು? ನಮ್ಮದು ಅವಿಭಕ್ತ ಕುಟುಂಬ. ಯಜಮಾನ ಸತ್ತರೆ ಕೋರ್ಟಿಗೆ ಹೋಗುವ ಪದ್ಧತಿ ಇರಲಿಲ್ಲ. ಆಸ್ತಿ ಮನೆಯಲ್ಲೇ ಉಳಿಯುತ್ತಿತ್ತು. ಅಣ್ಣತಮ್ಮಂದಿರು ಬೇರೆಯಾದ ದಿನ ಮಾತ್ರ ಕಾಗದ ಹುಟ್ಟುತ್ತಿತ್ತು. ಅದೇ ಪಾಲುಪತ್ರ, ತಮಿಳಿನ ಪಾಗಪ್ಪಿರಿವಿನೈ ಪತ್ತಿರಂ. ವಂಶ ಹುಡುಕುವವರಿಗೆ ಇದರಂಥ ಬಂಗಾರ ಇನ್ನೊಂದಿಲ್ಲ. ‘ಇಂಥವರ ಮಕ್ಕಳಾದ ನಾವು ಇಷ್ಟು ಜನ’ ಎಂದೇ ಅದು ಆರಂಭವಾಗುತ್ತದೆ. ಕ್ರಯಪತ್ರ, ಭೋಗ್ಯಪತ್ರ, ದಾನಪತ್ರ, ಮರಣಶಾಸನಗಳೂ ಹೀಗೆಯೇ ಸಂಬಂಧ ಹೇಳುತ್ತವೆ.

ನಮ್ಮ ದೇಶದಲ್ಲಿ 1860ರ ದಶಕದಿಂದ ಪತ್ರಗಳ ನೋಂದಣಿಯ ಕಾನೂನು ಇದೆ. ಈಗ ನಡೆಯುತ್ತಿರುವುದು 1908ರ ಕಾಯ್ದೆ. ಸಬ್ ರಿಜಿಸ್ಟ್ರಾರ್ ಕಛೇರಿಯಲ್ಲಿ ಸ್ಥಿರಾಸ್ತಿಯ ಪತ್ರಗಳಿಗೆ 1ನೆಯ ಪುಸ್ತಕ, ಮರಣಶಾಸನಗಳಿಗೆ 3ನೆಯ ಪುಸ್ತಕ. ಅವಕ್ಕೆ ಸೂಚಿಗಳಿವೆ. 1ನೆಯ ಸೂಚಿ ಜನರ ಹೆಸರಿನದು, 2ನೆಯದು ಆಸ್ತಿಯದು, 3ನೆಯದು ಮರಣಶಾಸನದ್ದು. ಶುಲ್ಕ ಕಟ್ಟಿದರೆ 1ನೆಯ ಪುಸ್ತಕವನ್ನೂ ಅದರ ಸೂಚಿಯನ್ನೂ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಮರಣಶಾಸನದ ನಕಲು ಮಾತ್ರ ಬರೆದವರು ಬದುಕಿರುವವರೆಗೆ ಅವರಿಗೆ. ತೀರಿಕೊಂಡ ಮೇಲೆ ಕೇಳಿದವರಿಗೆ. ನಾವು ಸಾಮಾನ್ಯವಾಗಿ ಇ.ಸಿ. ಎನ್ನುವ ಋಣಭಾರ ಪತ್ರ, ತಮಿಳಿನ ವಿಲ್ಲಂಗ ಚಾನ್ರಿದಳ್, ಈ ಸೂಚಿಗಳಿಂದಲೇ ತಯಾರಾಗುವುದು. ಇತ್ತೀಚಿನ ದಶಕಗಳದ್ದು ಕಂಪ್ಯೂಟರಿನಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಛೇರಿಯಲ್ಲಿ ಅರ್ಜಿ ಹಾಕಿ ಕೈಯಿಂದ ಹುಡುಕಿಸಬೇಕು. ಸಾಲ ತೀರಿಸಲು ಸೇರಿಕೊಂಡು ಬರೆದ ಒಂದು ಭೋಗ್ಯಪತ್ರದಲ್ಲಿ ಅಣ್ಣತಮ್ಮಂದಿರೆಲ್ಲರ ಹೆಸರು ಸಿಗಬಹುದು. ಹಿರಿಯರ ಸಾಲವೂ ಮೊಮ್ಮಕ್ಕಳಿಗೆ ಹೀಗೆ ಉಪಕಾರವಾಗುತ್ತದೆ.

ಮನೆತನದಲ್ಲಿ ಪಾಲಿನ ವ್ಯಾಜ್ಯ ನಡೆದಿದ್ದರೆ ಕೋರ್ಟಿನ ದಾವಾಪತ್ರದ ಜೊತೆ ವಂಶವೃಕ್ಷವನ್ನೇ ಬರೆದು ಕೊಟ್ಟಿರುತ್ತಾರೆ. ತೀರ್ಪಿನ ನಕಲಿನಲ್ಲಿ ಎರಡೂ ಕಡೆಯವರು ಒಪ್ಪಿದ ಸಂಬಂಧ ಯಾವುದು, ಒಪ್ಪದ್ದು ಯಾವುದು ಎಂದೂ ತಿಳಿಯುತ್ತದೆ.

ಕಾಗದ ಕೈಗೆ ಬಂತು. ಈಗ ಓದುವ ಕಷ್ಟ. ಮೊದಲನೆಯದು ಕಾಲ. ಕಂದಾಯದ ಕಾಗದದಲ್ಲಿ ಫಸಲಿ ಎಂಬ ವರ್ಷ ಇರುತ್ತದೆ. ಫಸಲಿಗೆ 590 ಕೂಡಿಸಿದರೆ ಇಂಗ್ಲಿಷ್ ವರ್ಷ. ಆ ವರ್ಷದ ಜುಲೈ 1ರಿಂದ ಮುಂದಿನ ಜೂನ್ 30ರವರೆಗೆ. ಫಸಲಿ 1310 ಎಂದರೆ 1900ರ ಜುಲೈಯಿಂದ 1901ರ ಜೂನ್. ಹಳೆಯ ಪತ್ರಗಳಲ್ಲಿ ಸಂವತ್ಸರದ ಹೆಸರಿರುತ್ತದೆ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು. 1867, 1927, 1987ರಲ್ಲಿ ಪ್ರಭವ ಆರಂಭವಾಯಿತು. ಸಂವತ್ಸರ ಎಷ್ಟನೆಯದೋ ಆ ಸಂಖ್ಯೆಗೆ 1866 ಅಥವಾ 1926 ಕೂಡಿಸಿ. ಧಾತು ಹತ್ತನೆಯದು, 1866ಕ್ಕೆ 10 ಸೇರಿದರೆ 1876. ಅದೇ ಬರದ ವರ್ಷ. ಕನ್ನಡಕ್ಕೂ ತಮಿಳಿಗೂ ಸಂವತ್ಸರದ ಹೆಸರು ಒಂದೇ. ನಮ್ಮದು ಚಾಂದ್ರಮಾನ ಯುಗಾದಿಗೆ ಬದಲಾಗುತ್ತದೆ, ತಮಿಳರದು ಚಿತ್ತಿರೈ ಮೊದಲ ದಿನಕ್ಕೆ. ಅರವತ್ತು ವರ್ಷದ ಹಿಂದಿನದೋ ನೂರಿಪ್ಪತ್ತು ವರ್ಷದ ಹಿಂದಿನದೋ ಎಂಬುದನ್ನು ಪತ್ರದಲ್ಲಿರುವ ಇತರ ಸಂಗತಿಗಳಿಂದ ತೀರ್ಮಾನಿಸಬೇಕು.

ಎರಡನೆಯ ಕಷ್ಟ ಹೆಸರು. ಗಡಿಯವರಾದ ನಮಗೆ ಇದು ಎಲ್ಲರಿಗಿಂತ ಹೆಚ್ಚು. ತಮಿಳು ಲಿಪಿಯಲ್ಲಿ ಕ, ಗಗಳಿಗೆ ಒಂದೇ ಅಕ್ಷರ. ತ, ದಗಳಿಗೆ ಒಂದೇ. ಪ, ಬಗಳಿಗೂ ಒಂದೇ. ಹಕಾರ ಎಷ್ಟೋ ವೇಳೆ ಬಿದ್ದೇ ಹೋಗುತ್ತದೆ. ನಮ್ಮ ಹೊಸೂರೇ ತಮಿಳಿನಲ್ಲಿ ಓಸೂರ್ ಅಲ್ಲವೆ? ನಮ್ಮ ಹಳ್ಳಿ ಅಲ್ಲಿ ಪಳ್ಳಿ. ಹೀಗಾಗಿ ಕನ್ನಡದ ಗಂಗಪ್ಪ ತಮಿಳಿನ ಪಟ್ಟಾದಿಂದ ವಾಪಸು ಬರುವಾಗ ಕಂಗಪ್ಪ ಆಗಬಹುದು. ಬೈರಪ್ಪ ಪೈರಪ್ಪನ್, ದೊಡ್ಡಯ್ಯ ತೊಟ್ಟಯ್ಯ, ಹನುಮಪ್ಪ ಅನುಮಪ್ಪ ಆಗಬಹುದು. ಇಂಗ್ಲಿಷಿನಲ್ಲಿ ಬರೆದ ಗುಮಾಸ್ತ ಇನ್ನೊಂದು ರೂಪ ಕೊಟ್ಟಿರುತ್ತಾನೆ. ಇವರು ಮೂವರಲ್ಲ, ಒಬ್ಬರೇ. ಹುಡುಕುವ ಮುನ್ನ ಮುತ್ತಾತನ ಹೆಸರನ್ನು ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ನಮ್ಮದು. ಊರ ದೇವರ ಹೆಸರಿನವರು ಒಂದೇ ಬೀದಿಯಲ್ಲಿ ನಾಲ್ವರಿರುತ್ತಾರೆ. ಹೆಸರು ಒಂದೇ ಆದ ಮಾತ್ರಕ್ಕೆ ಮನುಷ್ಯ ಒಬ್ಬನೇ ಅಲ್ಲ. ಆದ್ದರಿಂದ ಹೆಸರೊಂದನ್ನೇ ನಂಬಬೇಡಿ. ತಂದೆಯ ಹೆಸರು ಸೇರುತ್ತದೆಯೇ? ಹೊಲ ಅದೇ ಏ? ಚೆಕ್ಕುಬಂದಿ ನೋಡಿ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಕೆರೆ, ಉತ್ತರಕ್ಕೆ ಯಾವ ದಾರಿ ಎಂಬುದು ಎರಡು ಪತ್ರಗಳಲ್ಲಿಯೂ ಹೊಂದಿದರೆ ಮಾತ್ರ ಮೆಟ್ಟಿಲು ಗಟ್ಟಿ. ಒಂದೊಂದು ಮೆಟ್ಟಿಲಿಗೂ ಎರಡು ಸಾಕ್ಷಿ ಇರಲಿ. ಒಂದೇ ಇದ್ದರೆ ಪಕ್ಕದಲ್ಲಿ ‘ಇರಬಹುದು’ ಎಂದು ಬರೆದಿಡಿ, ‘ಇದೆ’ ಎಂದು ಬರೆಯಬೇಡಿ.

ನೆಲ ಇಲ್ಲದವರ ಗತಿ ಏನು? ಅಮೆರಿಕದ ಕರಿಯರ ಮಾತು ಹೇಳಿದ್ದು ಇದಕ್ಕೇ. ಕೂಲಿ ಮಾಡಿದವರ, ಜೀತ ಮಾಡಿದವರ ಹೆಸರು ಪಟ್ಟಾದಲ್ಲಿ ಇರುವುದಿಲ್ಲ. ಅವರ ಮೊಮ್ಮಕ್ಕಳು ಬೇರೆ ಪುಸ್ತಕಗಳನ್ನು ನೋಡಬೇಕು. ಚೆಂಗಲ್‌ಪಟ್ಟಿನ ಕಲೆಕ್ಟರ್ ಟ್ರೆಮೆನ್‌ಹೀರ್ ಕೊಟ್ಟ ವರದಿಯ ನಂತರ 1892ರಲ್ಲಿ ಮದರಾಸ್ ಸರಕಾರ ದಲಿತರಿಗೆ ಭೂಮಿ ಕೊಡುವ ಆಜ್ಞೆ ಮಾಡಿತು. ಅದೇ ಪಂಚಮಿ ನಿಲಂ. ಬೇರೆಯವರಿಗೆ ಮಾರಬಾರದೆಂಬ ಷರತ್ತಿನ ಭೂಮಿ ಅದು. ಹಳೆಯ ರಿಜಿಸ್ಟರಿನಲ್ಲಿ ಆ ಷರತ್ತಿನ ಗುರುತೂ, ಪಡೆದವರ ಹೆಸರೂ ಸಿಕ್ಕಿದರೆ ಅದು ಪೂರ್ವಜರ ಗುರುತು ಮಾತ್ರವಲ್ಲ, ಹಕ್ಕಿನ ಗುರುತು. ಇನ್ನು ಜನನ ಮರಣದ ಲೆಕ್ಕ. ಮದರಾಸ್ ಪ್ರಾಂತ್ಯದಲ್ಲಿ ಇದಕ್ಕೆ 1899ರ ಕಾಯ್ದೆ ಇತ್ತು, ಈಗ 1969ರದು. ಶಾಲೆಯ ದಾಖಲಾತಿ ಪುಸ್ತಕವನ್ನೂ ಮರೆಯಬೇಡಿ. ಒಂದು ದಿನವಾದರೂ ಶಾಲೆಗೆ ಹೋದ ತಾತನ ಹೆಸರು, ತಂದೆಯ ಹೆಸರು, ಕಸುಬು ಅಲ್ಲಿರುತ್ತದೆ.

ಊರು ಬಿಟ್ಟು ಹೋದವರಿದ್ದಾರೆ. ಕೋಲಾರದ ಚಿನ್ನದ ಗಣಿಗೆ ಹೋದವರು ಹತ್ತಿರದಲ್ಲೇ ಉಳಿದರು. ಮದರಾಸ್ ಬಂದರಿನಿಂದ ಮಾರಿಷಸ್‌ಗೆ, 1860ರಿಂದ 1911ರವರೆಗೆ ದಕ್ಷಿಣ ಆಫ್ರಿಕದ ನಟಾಲ್‌ಗೆ ಕಬ್ಬಿನ ತೋಟದ ಕೂಲಿಗೆ ಹೋದವರು ತುಂಬ. ವಿಚಿತ್ರವೆಂದರೆ, ಊರಿನ ಯಾವ ಪುಸ್ತಕದಲ್ಲೂ ಇಲ್ಲದ ಬಡವನ ಹೆಸರು ಹಡಗಿನ ಪಟ್ಟಿಯಲ್ಲಿ ಇದೆ. ಅವನ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು ಎಲ್ಲ. ಮಾರಿಷಸ್ ದಾಖಲೆಗಳು ಅಲ್ಲಿನ ಮೋಕಾ ಎಂಬಲ್ಲಿರುವ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ. ಅಲ್ಲಿಂದ ತಮ್ಮ ಊರು ಹುಡುಕಿಕೊಂಡು ಬರುವ ಜನರಿದ್ದಾರೆ.

ಹೆಂಗಸರ ಮಾತು ಹೇಳದೆ ಮುಗಿಸಬಾರದು. ನಮ್ಮ ವಂಶವೃಕ್ಷಗಳಲ್ಲಿ ಗಂಡುಮಕ್ಕಳ ಕೊಂಬೆ ಮಾತ್ರ ಇರುತ್ತದೆ. ಹೆಣ್ಣುಮಕ್ಕಳು ‘ಕೊಟ್ಟ ಮನೆಗೆ’ ಹೋದರೆಂದು ಬಿಟ್ಟುಬಿಡುತ್ತೇವೆ. ಈಗ ಹಾಗೆ ಬಿಟ್ಟರೆ ಅದು ಕಾನೂನಿನಲ್ಲೂ ತಪ್ಪಾಗುತ್ತದೆ. ತಮಿಳುನಾಡು 1989ರಲ್ಲಿ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಾನ ಹಕ್ಕು ಕೊಟ್ಟಿತು. ಕರ್ನಾಟಕ 1994ರಲ್ಲಿ ಕೊಟ್ಟಿತು. 2005ರಲ್ಲಿ ಇಡೀ ದೇಶಕ್ಕೆ, ಮದುವೆಯಾದವರಿಗೂ ಬಂತು. ತಂದೆ ಆಗ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮವಾಗಿ ನೋಂದಣಿಯಾಗಿ ಆದ ಪಾಲುಗಳನ್ನು ಮಾತ್ರ ಇದು ಮುಟ್ಟುವುದಿಲ್ಲ. ಆದ್ದರಿಂದ ಅತ್ತೆ, ಸೋದರತ್ತೆ, ದೊಡ್ಡಮ್ಮ, ಚಿಕ್ಕಮ್ಮಂದಿರ ಹೆಸರನ್ನೂ, ಕೊಟ್ಟ ಊರನ್ನೂ ಬರೆಯಿರಿ. ನಮ್ಮಲ್ಲಿ ಆನೇಕಲ್, ಮಾಲೂರು, ಬಂಗಾರಪೇಟೆಯ ಕಡೆ ಕೊಟ್ಟು ತಂದ ಸಂಬಂಧಗಳು ಎಷ್ಟೋ. 1956ರಲ್ಲಿ ರಾಜ್ಯದ ಗೆರೆ ಭದ್ರವಾಯಿತು. ನೆಂಟಸ್ತಿಕೆಗೆ ಗೆರೆ ಇಲ್ಲ. ಆದರೆ ಕಛೇರಿಯ ಭಾಷೆ ಬೇರೆ. ಅಲ್ಲಿ ವಂಶವೃಕ್ಷ ದೃಢೀಕರಣ ಪತ್ರ ಎನ್ನುತ್ತಾರೆ, ಇಲ್ಲಿ ತಹಸೀಲ್ದಾರರು ಕೊಡುವುದು ವಾರಿಸು ಸರ್ಟಿಫಿಕೇಟು. ಅಲ್ಲಿ ಪಹಣಿ, ಇಲ್ಲಿ ಅಡಂಗಲ್. ಹೆಸರು ಗೊತ್ತಿದ್ದರೆ ಅಲೆದಾಟ ಅರ್ಧ ಕಡಿಮೆ.

ಕಾಗದವೇ ಎಲ್ಲ ಅಲ್ಲ. ಕರ್ನಾಟಕದಲ್ಲಿ ಹೆಳವರು ಎಂಬ ಜನ ಇದ್ದಾರೆ. ಎತ್ತಿನ ಮೇಲೆ ಬಂದು, ಒಕ್ಕಲು ಮನೆಯ ಮುಂದೆ ನಿಂತು, ತಲೆಮಾರುಗಳ ಹೆಸರನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಂಡು ಹೋಗುವುದು ಅವರ ವೃತ್ತಿ. ಹರಿದ್ವಾರದ ಪಂಡರೂ ಯಾತ್ರಿಕರ ವಂಶದ ಪುಸ್ತಕ ಇಟ್ಟಿದ್ದಾರೆ. ನಿಮ್ಮ ಮನೆದೇವರು ಯಾವ ಊರಿನಲ್ಲಿದೆ ಎಂದು ಕೇಳಿಕೊಳ್ಳಿ. ಎಷ್ಟೋ ವೇಳೆ ಹಿರಿಯರು ಅಲ್ಲಿಂದಲೇ ಹೊರಟು ಬಂದಿರುತ್ತಾರೆ. ಇವೆಲ್ಲ ದಾರಿ ತೋರಿಸುವ ಮಾತುಗಳು. ಮಾತಿನಿಂದ ದಾರಿ, ಕಾಗದದಿಂದ ಸಾಕ್ಷಿ.

ಕಡೆಯದಾಗಿ ಒಂದು ಕೆಲಸ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದವರು ಇದ್ದರೆ ಈ ವಾರವೇ ಒಂದು ನೋಟ್ ಪುಸ್ತಕ ಹಿಡಿದು ಅವರ ಪಕ್ಕ ಕುಳಿತುಕೊಳ್ಳಿ. ಹೆಸರು, ಊರು, ಯಾರ ಮಗ, ಯಾರ ಮಗಳು, ಯಾವ ಹೊಲಕ್ಕೆ ಏನು ಹೆಸರು, ಇಷ್ಟು ಕೇಳಿ ಬರೆಯಿರಿ. ಕನ್ನಡದಲ್ಲೂ ಬರೆಯಿರಿ, ಪಕ್ಕದಲ್ಲಿ ತಮಿಳಿನಲ್ಲೂ ಬರೆಯಿರಿ. ಕಛೇರಿಯ ಪುಸ್ತಕಗಳು ನಾಳೆಯೂ ಇರುತ್ತವೆ. ಆ ಹಿರಿಯರು ಹೇಳುವ ಹೆಸರುಗಳು ಬೇರೆ ಯಾವ ಪುಸ್ತಕದಲ್ಲೂ ಇಲ್ಲ.